ಆಷಾಢದಾಗ ಬೆಲ್ಟು

ಹಳೇ ಇನ್ನೋವಾದ ಮೀಟರ್ ಒಳಗೆ "ಟಿ-ಬೆಲ್ಟ್" ಅಂತ ಒಂದು ಸಣ್ಣ ಲೈಟ್ ಇದೆ. ಹಳೇದು ಅಂದರೆ 2005ರಲ್ಲಿ ಶುರುವಾಗಿ 2016ರಲ್ಲಿ ಕ್ರಿಸ್ಟಾ ಬರೋವರೆಗೆ ನಡೆದ ಎರಡೂವರೆ ಲೀಟರ್ ಡೀಸೆಲ್ ಗಾಡಿ. ಕೊಪ್ಪಳದ ಬಸ್‌ಸ್ಟ್ಯಾಂಡ್ ಹತ್ತಿರ, ಗಂಗಾವತಿಯಲ್ಲಿ, ಕುಷ್ಟಗಿ ಕ್ರಾಸಿನಲ್ಲಿ ಬಾಡಿಗೆಗೆ ನಿಂತ ಗಾಡಿಗಳಲ್ಲಿ ಅದು ಈಗಲೂ ಕಾಣುತ್ತೆ. ಲಕ್ಷ ಕಿಲೋಮೀಟರ್ ಆದಾಗ ಆ ಲೈಟ್ ಹತ್ತುತ್ತೆ, ಟೈಮಿಂಗ್ ಬೆಲ್ಟ್ ಬದಲಿಸಿ ಅಂತ.

ಬಹಳ ಜನ ತಿಳಿದಿರೋದು ಆ ಲೈಟ್ ಬೆಲ್ಟನ್ನು ನೋಡಿ ಹೇಳುತ್ತೆ ಅಂತ. ಇಲ್ಲ ಸ್ವಾಮೀ. ಬೆಲ್ಟ್ ಹತ್ತಿರ ಯಾವ ಸೆನ್ಸರೂ ಇಲ್ಲ. ಹೊಟ್ಟೆಪಾಡಿಗೆ ಪ್ರೋಗ್ರಾಮ್ ಬರೆಯೋನಾಗಿ ಹೇಳ್ತೀನಿ, ಅದು ಬರೀ ಒಂದು ಎಣಿಕೆ: "ಇಷ್ಟು ಕಿಲೋಮೀಟರ್ ದಾಟಿದರೆ ಲೈಟ್ ಹಚ್ಚು". ಮೀಟರ್ ಬಟನ್ ಒತ್ತಿ ರೀಸೆಟ್ ಮಾಡಿದರೆ ಆರಿ ಹೋಗುತ್ತೆ. ಒಂದು ನಿಮಿಷದ ಕೆಲಸ. ಬೆಲ್ಟ್ ಬದಲಾಯಿಸಿದ್ದೀರೋ ಇಲ್ಲವೋ ಅದಕ್ಕೆ ಗೊತ್ತಾಗಲ್ಲ.

ಇದು ತಲೆಗೆ ಹತ್ತಿದ್ದು 2025ರ ಬಸವ ಜಯಂತಿ ಆದಮೇಲೆ. ಯಲಬುರ್ಗಾದ ನಮ್ಮ ಕಾಕಾ ಬಾಡಿಗೆ ಹೊಡೆಯೋಕೆ ಸೆಕೆಂಡ್ ಹ್ಯಾಂಡ್ ಇನ್ನೋವಾ ತಗೊಂಡರು. 2013ರ ಮಾಡೆಲ್, ಮೀಟರಿನಲ್ಲಿ 1,42,000. ಸರ್ವಿಸ್ ಬುಕ್ ಇಲ್ಲ, ಲೈಟ್ ಆರಿದೆ. ನಾನು ಬೆಲ್ಟ್ ಕಥೆ ತೆಗೆದರೆ ಕಾಕಾ ಹೇಳಿದ್ದು:

"ಲೈಟ್ ಹತ್ತಿಲ್ಲಲ್ಲೋ ತಮ್ಮಾ. ಕಂಪನಿಯವ್ರು ಸುಮ್ನ ಇಟ್ಟಾರೇನು ಅದನ್ನ?"

ಲಕ್ಷಕ್ಕೆ ನಿಜವಾಗಲೂ ಬೆಲ್ಟ್ ಬದಲಾಗಿದ್ದರೆ ಇನ್ನೂ 58,000 ಕಿಲೋಮೀಟರ್ ಬಾಕಿ. ಬರೀ ಲೈಟ್ ಆರಿಸಿದ್ದರೆ 42,000 ಮಿತಿ ದಾಟಿ ಓಡಿದೆ. ಮೀಟರನ್ನೇ ಹಿಂದಕ್ಕೆ ತಿರುಗಿಸಿದ್ದರೆ ಯಾವ ಲೆಕ್ಕವೂ ಇಲ್ಲ. ಹನ್ನೆರಡು ವರ್ಷದ ಎಲ್ಲೋ ಬೋರ್ಡ್ ಇನ್ನೋವಾ ಬರೀ 1,42,000 ಓಡಿದೆ ಅಂದರೆ, ನನಗಂತೂ ಮೂರನೇದರ ಮೇಲೇ ಅನುಮಾನ.

ಬೆಲ್ಟ್ ಮಾಡೋ ಕೆಲಸ ಏನು ಅಂತ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ತೀನಿ. ಇಂಜಿನ್ನಿನ ಕೆಳಗೆ ಕ್ರ್ಯಾಂಕ್, ಮೇಲೆ ವಾಲ್ವ್ ತೆಗೆದು ಮುಚ್ಚೋ ಕ್ಯಾಮ್. ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಸರಿಯಾಗಿ ಒಂದು ಸುತ್ತು. ಆ ತಾಳ ತಪ್ಪದ ಹಾಗೆ ಹಿಡಿಯೋದು ಹಲ್ಲಿರೋ ಈ ರಬ್ಬರ್ ಬೆಲ್ಟು. ಸರಾಸರಿ ಗಂಟೆಗೆ 50 ಕಿಲೋಮೀಟರ್, 2,000 ಆರ್‌ಪಿಎಂ ಅಂತ ಹಿಡಿದರೆ ಲಕ್ಷ ಕಿಲೋಮೀಟರಿಗೆ 2,000 ಗಂಟೆ, ಅಷ್ಟರಲ್ಲಿ ಒಂದೊಂದು ವಾಲ್ವೂ 12 ಕೋಟಿ ಸಲ ತೆರೆದು ಮುಚ್ಚಿರುತ್ತೆ! ಡೀಸೆಲ್ ಇಂಜಿನ್ನಿನಲ್ಲಿ ಗಾಳಿಯನ್ನು ಅದುಮಿ ಅದುಮಿಯೇ ಬೆಂಕಿ ಹುಟ್ಟಿಸಬೇಕು, ಹಾಗಾಗಿ ಪಿಸ್ಟನ್ನಿಗೂ ವಾಲ್ವಿಗೂ ನಡುವೆ ಜಾಗ ಬಹಳ ಕಡಿಮೆ. ಬೆಲ್ಟ್ ಹರಿದರೆ ಕ್ಯಾಮ್ ನಿಲ್ಲುತ್ತೆ, ಪಿಸ್ಟನ್ ನಿಲ್ಲಲ್ಲ. ತೆರೆದು ನಿಂತ ವಾಲ್ವಿಗೆ ಹೋಗಿ ಗುದ್ದುತ್ತೆ.

ಕಾಕಾನ ಪರಿಚಯದವರೊಬ್ಬರಿಗೆ ಕುಷ್ಟಗಿ ದಾಟಿ ಇಳಕಲ್ಲಿನ ಕಡೆ ಹೋಗುವಾಗ ಹೈವೇನಲ್ಲೇ ಹೀಗಾಗಿತ್ತು. ಹೆಡ್ ಬಿಚ್ಚಿ, ವಾಲ್ವ್, ರಾಕರ್ ಆರ್ಮ್, ಗ್ಯಾಸ್ಕೆಟ್ ಎಲ್ಲ ಹಾಕಿಸೋ ಹೊತ್ತಿಗೆ 70,000. ಗಾಡಿ 18 ದಿನ ಶೆಡ್ಡಿನಲ್ಲಿ, ಆ ಬಾಡಿಗೆ ಹೋಗಿದ್ದು ಬೇರೆ. ಮೊದಲು ಏನೂ ಸಪ್ಪಳ ಬಂದಿರಲಿಲ್ಲವಂತೆ. ಗಂಗಾವತಿಯ ಮೇಸ್ತ್ರಿ ಅದನ್ನೇ ಹೇಳಿದರು. "ಫ್ಯಾನ್ ಬೆಲ್ಟ್ ಆದ್ರ ಕಿರಚತೈತ್ರಿ. ಇದು ಹೇಳಿ ಕೇಳಿ ಹರಿಯಂಗಿಲ್ಲ."

ಈಗ ಖರ್ಚು. ಬೆಲ್ಟು, ಟೆನ್ಷನರ್, ಐಡ್ಲರ್ ಪುಲ್ಲಿ, ಮಜೂರಿ ಸೇರಿ ಮೇಸ್ತ್ರಿ ಹೇಳಿದ್ದು 9,000. ಲಕ್ಷ ಕಿಲೋಮೀಟರಿಗೆ ಹಂಚಿದರೆ ಕಿಲೋಮೀಟರಿಗೆ 9 ಪೈಸೆ. ಡೀಸೆಲ್ ಲೀಟರಿಗೆ 90 ರೂಪಾಯಿ, ಗಾಡಿ 12 ಕೊಡುತ್ತೆ ಅಂತ ಹಿಡಿದರೆ ಡೀಸೆಲ್ಲಿಗೇ ಕಿಲೋಮೀಟರಿಗೆ ಏಳೂವರೆ ರೂಪಾಯಿ ಹೋಗ್ತಿದೆ.

ಕಾಕಾಗೆ ಇದು ರುಚಿಸಲಿಲ್ಲ. "ಇನ್ನೂ 58 ಸಾವಿರ ಓಡೋದನ್ನ ಬಿಚ್ಚಿ ಒಗೀಬೇಕೇನು?" ಅಂದರು. ಪ್ರಶ್ನೆ ಸರಿಯಾಗೇ ಇತ್ತು. ಆದರೆ ಈ ಬೆಲ್ಟ್ ಇವತ್ತಲ್ಲ ನಾಳೆ ಬದಲಿಸಲೇಬೇಕಾದ್ದು. ಬೇಗ ಬದಲಿಸಿದರೆ ಪೂರ್ತಿ 9,000 ದಂಡ ಅಲ್ಲ, ಹಳೇ ಬೆಲ್ಟಿನಲ್ಲಿ ಉಳಿದಿದ್ದ ಆಯಸ್ಸಿನಷ್ಟೇ ದಂಡ. ಎಲ್ಲ ಒಳ್ಳೇದೇ ಆಗಿದೆ, ಹಿಂದಿನ ಮಾಲೀಕ ಪುಣ್ಯಾತ್ಮ ಅಂತಲೇ ಇಟ್ಟುಕೊಳ್ಳಿ. ಆಗಲೂ ಕಳಕೊಳ್ಳೋದು 58 ಪಾಲು, ಅಂದರೆ 5,220 ರೂಪಾಯಿ. ಇನ್ನೊಂದು ತಕ್ಕಡಿಯಲ್ಲಿ 70,000 ಮತ್ತೆ ಗಾಡಿ ತುಂಬಾ ಮದುವೆ ಜನ.

ಕಾಕಾ ಒಪ್ಪಿದರು. ಆದರೆ ಯಾವಾಗ? ಇದೇ ನಿಜವಾದ ಜಗಳ :) ನಾನು ನಾಳೆನೇ ಮಾಡಿಸಿ ಅಂದೆ. ಮೇ ತಿಂಗಳು, ಮದುವೆ ಸೀಜನ್, ದಿನಾ ಬಾಡಿಗೆ. ನಮ್ಮ ಕಡೆ ಗಾಡಿಗಳಿಗೆ ವರ್ಷದ ಲೆಕ್ಕ ಹೀಗೆ: ಡಿಸೆಂಬರಿನಲ್ಲಿ ಅಂಜನಾದ್ರಿಗೆ ಹನುಮಮಾಲೆಯವರು, ಜನವರಿಯಲ್ಲಿ ಗವಿಮಠದ ಜಾತ್ರೆ, ಹುಣ್ಣಿಮೆ ಬಂದರೆ ಹುಲಿಗಿ, ಬೇಸಿಗೆಗೆ ಮದುವೆ. ಗಾಡಿ ಸುಮ್ಮನೆ ನಿಲ್ಲೋದು ಆಷಾಢದಲ್ಲಿ ಮಾತ್ರ. ಆದರೆ ಯಲಬುರ್ಗಾ ಕಡೆ ಮಳೆ ನಂಬಿದ ಹೊಲ. ಸಜ್ಜೆ, ಮೆಕ್ಕೆಜೋಳ, ಹೆಸರು ಅಂತ ಬೀಜ ಗೊಬ್ಬರಕ್ಕೆ ದುಡ್ಡು ಖಾಲಿ ಆಗೋದೂ ಅದೇ ಹೊತ್ತಿಗೆ. "ಆಷಾಢದಾಗ ಗಾಡಿಗಿ ಪುರಸೊತ್ತು ಐತಿ, ಕಿಸೆದಾಗ ರೊಕ್ಕ ಇರಂಗಿಲ್ಲ. ಈಗ ರೊಕ್ಕ ಬರತಾವು, ಗಾಡಿಗಿ ಪುರಸೊತ್ತಿಲ್ಲ," ಅಂದರು. ಈ ಮಾತಿಗೆ ನನ್ನ ಎಕ್ಸೆಲ್ ಶೀಟಿನಲ್ಲಿ ಕಾಲಮ್ ಇರಲಿಲ್ಲ.

ಕೊನೆಗೆ ಕಾಕಿ ದಾರಿ ಹೇಳಿದರು. ಒಂದೊಂದು ಬಾಡಿಗೆಯಿಂದಲೂ 300 ತೆಗೆದು ಡಬ್ಬಿಗೆ ಹಾಕೋದು, ಮೂವತ್ತು ಬಾಡಿಗೆಗೆ 9,000. ಗೊಬ್ಬರಕ್ಕೂ ಆ ಡಬ್ಬಿ ಮುಟ್ಟಬಾರದು. ಅಲ್ಲಿವರೆಗೆ ಗಾಡಿ ಹಾಗೇ ಓಡಿತು. ಈಗಲೂ ನನ್ನ ಪ್ರಕಾರ ಮೊದಲು ಬೆಲ್ಟ್, ಆಮೇಲೆ ಬಾಡಿಗೆ ಆಗಬೇಕಿತ್ತು. ಆ ಎರಡು ತಿಂಗಳು ರಾತ್ರಿ ಊರಿಂದ ಫೋನ್ ಬಂದರೆ ಎದೆ ಧಸಕ್ ಅಂತಿತ್ತು. ಏನೂ ಆಗಲಿಲ್ಲ.

ಆಷಾಢದಲ್ಲಿ ಗಂಗಾವತಿಗೆ ಒಯ್ದು ಮಾಡಿಸಿದ್ದಾಯಿತು. ಈ ಇಂಜಿನ್ನಿನಲ್ಲಿ ಒಂದು ಅನುಕೂಲ ಇದೆ: ಬೆಲ್ಟ್ ಮೇಲ್ಗಡೆ, ಮುಂದೆಯೇ ಕೂತಿರುತ್ತೆ. ಎಷ್ಟೋ ಗಾಡಿಗಳಲ್ಲಿ ವಾಟರ್ ಪಂಪನ್ನೂ ಇದೇ ಬೆಲ್ಟ್ ತಿರುಗಿಸುತ್ತೆ, ಆಗ ಅದನ್ನೂ ಜೊತೆಗೇ ಬದಲಿಸೋದು ಒಳ್ಳೇದು, ಎರಡು ಸಲ ಬಿಚ್ಚೋ ಮಜೂರಿ ಉಳಿಯುತ್ತೆ. ಇನ್ನೋವಾದಲ್ಲಿ ಆ ರಗಳೆ ಇಲ್ಲ. ಪಾರ್ಟ್ಸ್ ಮಾತ್ರ ಬಿಲ್ ಸಮೇತ ತಗೊಳ್ಳಿ. ಕಂಪನಿ ಡಬ್ಬಿಯ ಹಾಗೇ ಕಾಣೋ ಡುಪ್ಲಿಕೇಟ್ ಬೇಕಾದಷ್ಟು ಬರುತ್ತವೆ.

ಬಿಚ್ಚಿದ ಬೆಲ್ಟ್ ನೋಡಿದರೆ ಬಿರುಕು ಇಲ್ಲ, ಹಲ್ಲು ಹೋಗಿಲ್ಲ. ಬೆನ್ನ ಮೇಲಿನ ಅಕ್ಷರ ಪೂರ್ತಿ ಅಳಿಸಿತ್ತು, ಎಷ್ಟು ಹಳೇದು ಅಂತ ಓದೋಕಾಗಲಿಲ್ಲ. ಕಾಕಾ ಬಗ್ಗಿಸಿ, ಜಗ್ಗಿ ನೋಡಿ "ಗಟ್ಟಿ ಐತಲ್ಲೋ ಇದು!" ಅಂತ ನನ್ನ ಕಡೆ ನೋಡಿದರು. ನಾನು ಮಾತಾಡಲಿಲ್ಲ. ಅದನ್ನ ಮನೆಗೆ ತಂದು ದನದ ಕೊಟ್ಟಿಗೆ ಬಾಗಿಲಿಗೆ ಕಟ್ಟಿದ್ದಾರೆ, ಗಾಳಿಗೆ ಬಡಿಯಬಾರದು ಅಂತ.

ಅಂದ ಹಾಗೆ, ಸ್ವಿಫ್ಟ್ ಡೀಸೆಲ್, ಕ್ರಿಸ್ಟಾದ 2.4 ಡೀಸೆಲ್ ಇವಕ್ಕೆಲ್ಲ ಚೈನು, ಬೆಲ್ಟ್ ಚಿಂತೆ ಇಲ್ಲ. ಹಳೇ ಸ್ಯಾಂಟ್ರೋ, ಡೀಸೆಲ್ ಇಂಡಿಕಾ, ಡೀಸೆಲ್ ಡಸ್ಟರ್ ಇದ್ದವರು ನೋಡಿಕೊಳ್ಳಿ. ಕಿಲೋಮೀಟರ್ ಕಡಿಮೆ ಅಂತ ಕೂತಿರಬೇಡಿ. ಕೊಪ್ಪಳದಲ್ಲಿ ಸ್ಕೂಲಿಗೂ ಮನೆಗೂ ವರ್ಷಕ್ಕೆ ಐದು ಸಾವಿರ ಓಡೋ ಗಾಡಿಯ ರಬ್ಬರೂ ನಮ್ಮ ಬಿಸಿಲಿಗೆ ಹಳೇದಾಗ್ತಲೇ ಇರುತ್ತೆ. ಮ್ಯಾನ್ಯುಯಲ್ಲಿನಲ್ಲಿ ಕಿಲೋಮೀಟರ್ ಜೊತೆ ವರ್ಷವನ್ನೂ ಕೊಟ್ಟಿದ್ದರೆ ಯಾವುದು ಮೊದಲು ಬರುತ್ತೋ ಅದೇ ಲೆಕ್ಕ.

ಮೇಸ್ತ್ರಿ ಲೈಟನ್ನು ಹೊಸದಾಗಿ ಸೆಟ್ ಮಾಡಿದರು. ನಾನು ಅದನ್ನು ನಂಬದೆ ಬಾನೆಟ್ ಒಳಗಡೆ ಬಿಳಿ ಪೇಂಟಿನಲ್ಲಿ ಬರೆಸಿದೆ: ಬೆಲ್ಟ್, ಜುಲೈ 2025, 1,48,300. ಅದರ ಕೆಳಗೆ ಕಾಕಾ ತಾವೇ ಬ್ರಶ್ ಇಸಕೊಂಡು ಬರೆದರು: 2,48,000 ಇಲ್ಲಾ 2030ರ ಆಷಾಢ.