ಗೇಣುದ್ದದ ತಾಯಿ

ತಿಪಟೂರು ಸೀಮೆಯಲ್ಲಿ ಹುಟ್ಟಿದವನಿಗೆ ಸಮುದ್ರವೆಂದರೆ ಕೆರೆಯ ದೊಡ್ಡಣ್ಣ, ಅಷ್ಟೆ. ಕಡಲ ನೆರೆಯ ತೆಂಗು ನಮ್ಮ ಬಯಲಿಗೆ ಬಂದು ನೆಲಸಿತೇ ಹೊರತು, ನಾವು ಅದರ ತವರು ನೋಡಲು ಹೋದವರಲ್ಲ. ನಾನು ಹೋದದ್ದೂ ಒಂದು ಮದುವೆಯ ನೆಪದಿಂದ, ಕೇರಳದ ಕೊಲ್ಲಂಗೆ.

ಮುಹೂರ್ತಕ್ಕೆ ಇನ್ನೂ ಹೊತ್ತಿತ್ತು. ಶಕ್ತಿಕುಳಂಗರದ ಬಂದರಿನ ಕಡೆ ಕಾಲು ಹಾಕಿದೆ. ಆಳಸಮುದ್ರದ ಸೀಗಡಿ ಹೊತ್ತ ದೋಣಿಗಳು ಬಂದಿದ್ದವು. ಸೀಗಡಿಗೆ ಹರಾಜಿನ ಮರ್ಯಾದೆ. ಬಲೆಗೆ ಬಿದ್ದ ಉಳಿದದ್ದೆಲ್ಲ ಮೂಲೆಯ ರಾಶಿಗೆ. ಆ ರಾಶಿಯಲ್ಲಿ ಬೆಕ್ಕಿನ ಕಣ್ಣಿನ, ಬಾಲದ ಮೇಲೆ ಕಪ್ಪು ಪಟ್ಟೆಯ ಒಂದು ಕಂದು ಮೀನು. ನನ್ನ ಗೇಣಿಗೆ ಸರಿಯಾಗಿತ್ತು.

“ಪಾಪ, ಶಾರ್ಕಿನ ಮರಿ” ಎಂದೆ.

ಮೀನುಗಾರಿಕೆ ಓದುತ್ತಿದ್ದ ಬೀಗರ ಹುಡುಗ ನಕ್ಕ. “ಮರಿಯಲ್ಲ ಸಾರ್, ತಾಯಿ” ಎಂದವನೇ ಹೊಟ್ಟೆ ಸೀಳಿ ತೋರಿಸಿದ. ಒಳಗೆ ಎರಡೇ ಎರಡು ಮರಿ; ಒಂದೊಂದೂ ತಾಯಿಯ ಅರ್ಧದಷ್ಟು ಉದ್ದ!

ಎರಿಡಾಕ್ನಿಸ್ ರಾಡ್‌ಕ್ಲಿಫೈ ಎಂದು ಇದಕ್ಕೆ ನಾಮಕರಣವಾದದ್ದು 1913ರಲ್ಲಿ, ಫಿಲಿಪೈನ್ಸಿನ ಕಡಲಲ್ಲಿ ಸಿಕ್ಕ ಮೀನಿನಿಂದ. ಬೆಕ್ಕು ಶಾರ್ಕುಗಳ ಬಳಗದ ಇದು ಲೋಕದ ಅತಿ ಚಿಕ್ಕ ಶಾರ್ಕುಗಳಲ್ಲೊಂದು. ಪೂರ್ತಿ ಬೆಳೆದರೂ ಸುಮಾರು 25 ಸೆಂಟಿಮೀಟರು. ಬೆಕ್ಕು ಶಾರ್ಕುಗಳಲ್ಲಿ ಹೆಚ್ಚಿನವು ಮೊಟ್ಟೆಯಿಟ್ಟು ಹೊರಟುಹೋಗುತ್ತವೆ. ಇದು ಹಾಗಲ್ಲ. ಮರಿಗಳನ್ನು ಒಡಲಲ್ಲೇ ಇಟ್ಟುಕೊಳ್ಳುತ್ತದೆ. ಅವು ತಮ್ಮ ತಮ್ಮ ಭಂಡಾರದ ಬುತ್ತಿಯನ್ನು ಉಂಡು ಬೆಳೆದು, 10-11 ಸೆಂಟಿಮೀಟರಿನ ಮರಿಗಳಾಗಿಯೇ ಹೊರಬರುತ್ತವೆ.

ನನಗೆ ನಮ್ಮ ಬಿತ್ತನೆಕಾಯಿ ನೆನಪಾಯಿತು. ಅದೂ ಹಾಗೆಯೇ ಅಲ್ಲವೇ? ರಾಗಿ ಸಾವಿರ ಕಾಳು ಚೆಲ್ಲೀತು. ತೆಂಗು ಒಂದೊಂದು ಸಸಿಗೂ ನೀರು, ಕೊಬ್ಬರಿ ಎಲ್ಲ ಕಟ್ಟಿಕೊಟ್ಟು ಕಳುಹಿಸುತ್ತದೆ. ಇಂಥ ತಾಯಂದಿರಿಗೆ ಮಕ್ಕಳು ಕೆಲವೇ. ಕಳೆದುಕೊಂಡರೆ ತುಂಬಿಕೊಳ್ಳುವುದು ಕಷ್ಟ.

ಅದು ನನಗೆ ಗೊತ್ತು. ಮಳೆ ಕೈಕೊಟ್ಟು ಕೊಳವೆಬಾವಿ ಬತ್ತಿದ ವರ್ಷ ನಮ್ಮ ತೋಟದಲ್ಲಿ ಹದಿನಾಲ್ಕು ಮರಗಳ ಸುಳಿ ಬಿದ್ದುಹೋಯಿತು. ತಂದೆ ದಿನವೂ ಹೋಗಿ ಎಣಿಸಿ ಬರುತ್ತಿದ್ದರು, ಎಣಿಸಿದರೆ ಬದುಕುತ್ತವೆಯೋ ಎಂಬಂತೆ. ಹೊಸ ಸಸಿ ಫಲ ಕೊಡಲು ಆರೇಳು ವರ್ಷ ಬೇಕು. ಅವರಿಗೆ ಅಷ್ಟು ವ್ಯವಧಾನವಿರಲಿಲ್ಲ. ಆ ಸಸಿಗಳ ಎಳನೀರನ್ನು ಅವರು ಕುಡಿಯಲಿಲ್ಲ.

ಹೋದ ಮರವನ್ನು ಎಣಿಸಲು ನಮ್ಮಲ್ಲಿ ಒಬ್ಬರಾದರೂ ಇದ್ದರು. ಇನ್ನೂರು ಮಾರು ನೀರಿನ ಕೆಳಗೆ ಎಣಿಸುವವರಾರು?

ಮದುವೆಮನೆಯಲ್ಲಿ ಊಟ ಸೊಗಸಾಗಿತ್ತಂತೆ. ನನಗೆ ಅಷ್ಟು ರುಚಿಸಲಿಲ್ಲ.