ಗಾಳಿಯ ಕುದುರೆಯೂ ಭೂಮಣ್ಣಿ ಬುಟ್ಟಿಯೂ

ಚಿತ್ರದಲ್ಲಿ ಬರೆದ ಕುದುರೆಯನ್ನು ಕಂಡವನು ಅದನ್ನು ಕುದುರೆಯೆಂದೇ ಗ್ರಹಿಸುವನು. ಆ ಪ್ರತೀತಿಯು ನಿಜವೆಂದೂ ಅಲ್ಲ, ಸುಳ್ಳೆಂದೂ ಅಲ್ಲ. ಶ್ರೀಶಂಕುಕನು ರಸಾನುಭವದ ವಿಚಾರದಲ್ಲಿ ತಂದ ಈ ಚಿತ್ರತುರಗನ್ಯಾಯವು ಅಲಂಕಾರಶಾಸ್ತ್ರವನ್ನು ಓದಿದವರಿಗೆ ಪರಿಚಿತವೇ. ಆದರೆ ಚಿತ್ರದ ಕುದುರೆಯು ಸಜೀವ ತುರಗದ್ದಾಗಿರದೆ, ಲೋಹದ ಕುದುರೆಯೊಂದರ ಪ್ರತಿಕೃತಿಯಾಗಿದ್ದರೆ?

ಅಮೆರಿಕಾ ದೇಶದ ಹಳ್ಳಿಗಳಲ್ಲಿ ಕೊಟ್ಟಿಗೆಯ ಮಾಡಿನ ಮೇಲೆ ತಾಮ್ರದ ಕುದುರೆಯನ್ನೋ ಹುಂಜವನ್ನೋ ಸಲಾಕೆಯ ಮೇಲೆ ತಿರುಗುವಂತೆ ನಿಲ್ಲಿಸುವ ವಾಡಿಕೆಯುಂಟು. ಸಲಾಕೆಯ ಹಿಂದಣ ಭಾಗವು ಅಗಲವಾದುದರಿಂದ ಗಾಳಿಯು ಅದನ್ನು ತಳ್ಳಲು, ಮುಖವು ಗಾಳಿ ಬರುವ ದಿಕ್ಕಿಗೆ ತಿರುಗುವುದು. 1935ರಿಂದ 1942ರವರೆಗೆ ಅಲ್ಲಿನ ಸರಕಾರವು ಉದ್ಯೋಗವಿಲ್ಲದ ಚಿತ್ರಕಾರರಿಗೆ ವೇತನವಿತ್ತು, ಇಂತಹ ಜನಪದ ವಸ್ತುಗಳ ಸುಮಾರು 18,000 ಚಿತ್ರಗಳನ್ನು, ಬಹುಪಾಲು ಜಲವರ್ಣದಲ್ಲಿ, ಬರೆಯಿಸಿತು. ಅವು ಈಗ ವಾಷಿಂಗ್ಟನ್ನಿನ ರಾಷ್ಟ್ರೀಯ ಚಿತ್ರಶಾಲೆಯಲ್ಲಿವೆ. ಗಾಳಿಸೂಚಿಯ ಕುದುರೆಯೂ ಅವುಗಳೊಳಗುಂಟು. ಬರೆದವನು ಕುದುರೆಗೆ ಜೀವ ತುಂಬಲು ಹವಣಿಸಲಿಲ್ಲ. ತಾಮ್ರದ ಸವಕಳಿಯನ್ನೂ ಕಿಲುಬನ್ನೂ ಕಂಡಂತೆಯೇ ಬರೆದನು. ಹೆಸರುಳಿಯದ ಕುಶಲಕರ್ಮಿಗೆ ಇದಕ್ಕಿಂತ ಹೆಚ್ಚಿನ ಗೌರವವುಂಟೆ? ಆದರೂ ಕಾಗದದ ಕುದುರೆಯು ಎಂದೆಂದಿಗೂ ಒಂದೇ ದಿಕ್ಕನ್ನು ನೋಡುತ್ತಿರುವುದು. ಅದಕ್ಕೆ ಗಾಳಿ ತಾಕದು.

ಸೊರಬ, ಶಿಕಾರಿಪುರಗಳ ಸೀಮೆಯಲ್ಲಿ ಮಾಡಿನ ಮೇಲೆ ಕುದುರೆಯನ್ನು ನಿಲ್ಲಿಸುವ ರೂಢಿಯಿಲ್ಲ. ನೈಋತ್ಯದ ಮಾರುತವು ಅಡಗಿ ಈಶಾನ್ಯದ ಗಾಳಿಯು ತೊಡಗುವ ಕಾಲವನ್ನು ಇಲ್ಲಿ ಒಂದು ಬುಟ್ಟಿಯೇ ಸಾರುವುದು. ಆಶ್ವಯುಜದ ಹುಣ್ಣಿಮೆಯೇ ಭೂಮಿಹುಣ್ಣಿಮೆ. ಅದಕ್ಕಾಗಿ ದೀವರ ಹೆಂಗಸರು ಬಿದಿರ ಬುಟ್ಟಿಗೆ ಸಗಣಿ, ಕೆಮ್ಮಣ್ಣುಗಳನ್ನು ಬಳಿದು, ಅಕ್ಕಿಯ ಬಿಳುಪಿನಲ್ಲಿ ಪುಂಡಿನಾರಿನ ಕುಂಚವನ್ನದ್ದಿ ಚಿತ್ತಾರ ಬರೆಯುವರು. ಆ ಬುಟ್ಟಿಯಲ್ಲಿ ಬಯಕೆಯೂಟವನ್ನು ಹೊತ್ತು, ಗರ್ಭಕಟ್ಟಿದ ಬತ್ತದ ಗದ್ದೆಗೆ ಹೋಗಿ, ಬಸುರಿ ಮಗಳಿಗೆ ಬಡಿಸುವಂತೆ ಭೂಮಿತಾಯಿಗೆ ಚರಗ ಚೆಲ್ಲುವರು.

ಮರುವರ್ಷ ಕೆಮ್ಮಣ್ಣು ಬಳಿಯುವಾಗ ಹಳೆಯ ಚಿತ್ತಾರವು ಮರೆಯಾಗುವುದು. ಬರೆದವಳು ಅದಕ್ಕಾಗಿ ಮರುಗಳು. ಕೈಯಲ್ಲಿ ಚಿತ್ತಾರವಿರುವವರೆಗೆ ಬುಟ್ಟಿಯ ಮೇಲಣದು ಅಳಿದರೇನು? ಪಕ್ಕದಲ್ಲಿ ಕುಳಿತ ಮಗಳು ಗೆರೆಯ ಎಣಿಕೆಯನ್ನು ನೋಡಿ ಕಲಿತಿರುವಳು. ಮಗಳು ಓದಿಗಾಗಿ, ಉದ್ಯೋಗಕ್ಕಾಗಿ ಪರಊರಿಗೆ ಹೋದ ಮನೆಯಲ್ಲಿ ಮಾತ್ರ ಆ ಕೆಮ್ಮಣ್ಣಿನ ಲೇಪವೇ ಕಡೆಯ ಲೇಪವಾದೀತು. ಹೋದವಳದು ತಪ್ಪೆನ್ನಲಾಗದು.

ಆದುದರಿಂದ ಜಲವರ್ಣದವನ ನಿಷ್ಠೆಯು ಈ ಸೀಮೆಗೂ ಬೇಕು. ಗೆರೆಗೆ ಗೆರೆ ತಪ್ಪದಂತೆ ಬುಟ್ಟಿಯನ್ನು ಪಟದಲ್ಲಿ ಉಳಿಸುವವರು ಬೇಕು. ಅಂತಹ ಪಟವು ಗೋಡೆಯ ಅಲಂಕಾರಕ್ಕಲ್ಲ. ಎಂದಾದರೂ ಹುಣ್ಣಿಮೆಗೆ ಮನೆಗೆ ಬಂದ ಮಗಳು ಅದನ್ನು ಮುಂದಿಟ್ಟುಕೊಂಡು, ಬರಿದಾದ ಬುಟ್ಟಿಯ ಮೇಲೆ ಮೊದಲ ಗೆರೆಯನ್ನೆಳೆಯಲೆಂದು.