ಕೌಲೂನಿನ ಪ್ಲಾಸ್ಟಿಕ್ ಕಣ್ಣು

ಹಾಂಗ್‌ಕಾಂಗ್ ದ್ವೀಪದಿಂದ ಹೊರಟ ಹಸಿರು ಬಿಳಿಯ ಸ್ಟಾರ್ ಫೆರಿ ದೋಣಿ ಹತ್ತೇ ನಿಮಿಷದಲ್ಲಿ ಪ್ರಯಾಣಿಕರನ್ನು ಕೌಲೂನಿನ ಕಟ್ಟೆಗೆ ಮುಟ್ಟಿಸುತ್ತದೆ. ಇಳಿದೊಡನೆ ಎದುರಿಗೆ ಕಾಣುವುದು 1915ರಲ್ಲಿ ಕಟ್ಟಿ ಮುಗಿಸಿದ, 44 ಮೀಟರ್ ಎತ್ತರದ ಗಡಿಯಾರ ಗೋಪುರ. ಅದು ಒಂದು ಕಾಲಕ್ಕೆ ರೈಲು ನಿಲ್ದಾಣಕ್ಕೆ ಸೇರಿದ್ದಿತು. ನಿಲ್ದಾಣವನ್ನು ಕೆಡವಿದರು, ಗೋಪುರವನ್ನು ಮಾತ್ರ ಉಳಿಸಿಕೊಂಡರು. ಅದರ ಮುಂದೆ ನಿಂತು ಚಿತ್ರ ತೆಗೆಯದ ಪ್ರವಾಸಿಯೇ ಇಲ್ಲ. ಬಹುಮಂದಿಯ ಕೈಯಲ್ಲಿರುವುದು ಫೋನು. ಆದರೆ ಆ ಗುಂಪಿನಲ್ಲಿ ಒಮ್ಮೊಮ್ಮೆ ಬೇರೊಂದು ಜಾತಿಯ ಜನರೂ ಕಾಣಸಿಗುತ್ತಾರೆ. ಕೊರಳಲ್ಲಿ ನೇತಾಡುತ್ತಿರುವುದು ಕಪ್ಪು ಪ್ಲಾಸ್ಟಿಕ್ಕಿನ ಒಂದು ಡಬ್ಬ. ಹಟ ಹಿಡಿದ ಮಗುವಿಗೆ ಜಾತ್ರೆಯಲ್ಲಿ ಕೊಡಿಸಿದ ಸಾಮಾನಿನಂತಹದು. ಅದರ ಅಂಚುಗಳಿಗೆಲ್ಲ ಕರಿಯ ಟೇಪನ್ನು ಅಡ್ಡಾದಿಡ್ಡಿಯಾಗಿ ಮೆತ್ತಿದೆ. ಅದರ ಒಡೆಯನು ಗೋಪುರವನ್ನು ಬಿಟ್ಟು, ನೀರಿನ ಕೊಚ್ಚೆಯಲ್ಲಿ ಬಿದ್ದ ಗೋಪುರದ ನೆರಳಿನ ಕಡೆಗೆ ಆ ಡಬ್ಬವನ್ನು ಹಿಡಿದು 'ಟಕ್' ಎನ್ನಿಸಿ ಮುಂದಕ್ಕೆ ನಡೆಯುತ್ತಾನೆ.

ಅದೇ ಹೋಲ್ಗಾ. ಲೋಕದ ಆಟಿಕೆ ಕ್ಯಾಮೆರಾಗಳ ರಾಜ. ಅದರ ತವರು ಇದೇ ಹಾಂಗ್‌ಕಾಂಗ್.

ಹೋಲ್ಗಾಕ್ಕೆ ಒಬ್ಬಳು ಅಕ್ಕನೂ ಇದ್ದಳು. 1960ರ ದಶಕದ ಆರಂಭದಲ್ಲಿ ಕೌಲೂನಿನ ಗ್ರೇಟ್ ವಾಲ್ ಪ್ಲಾಸ್ಟಿಕ್ ಕಾರ್ಖಾನೆ 'ಡಯಾನಾ' ಎಂಬ ಕ್ಯಾಮೆರಾವನ್ನು ತಯಾರಿಸಿತು. ಹಾಂಗ್‌ಕಾಂಗ್ ಆಗ ಪ್ಲಾಸ್ಟಿಕ್ಕಿನ ಬೀಡು. ಪ್ಲಾಸ್ಟಿಕ್ ಹೂವು, ಪ್ಲಾಸ್ಟಿಕ್ ಬಾಚಣಿಗೆ, ಪ್ಲಾಸ್ಟಿಕ್ ಬೊಂಬೆ—ಬಹುಮಹಡಿ ಕಟ್ಟಡಗಳ ಒಂದೊಂದು ಅಂತಸ್ತಿನಲ್ಲಿ ಒಂದೊಂದು ಕಾರ್ಖಾನೆ. ಆ ಸಾಲಿಗೆ ಡಯಾನಾ ಕೂಡ ಸೇರಿದಳು. ಪೆಟ್ಟಿಗೆಯೊಂದಕ್ಕೆ 144ರಂತೆ ಹಡಗೇರಿ ಅಮೆರಿಕಕ್ಕೆ ಹೋಗುತ್ತಿದ್ದ ಆ ಕ್ಯಾಮೆರಾಗಳ ಸಗಟು ಬೆಲೆ ಒಂದಕ್ಕೆ ಸುಮಾರು 50 ಸೆಂಟು. ಅಲ್ಲಿನ ಸಂತೆಗಳಲ್ಲಿ ಗುರಿಯಿಟ್ಟು ಹೊಡೆದವರಿಗೆ ಅದು ಬಹುಮಾನವಾಗುತ್ತಿತ್ತು. ಮಾಡಿದವರೂ ಅದನ್ನು ಗೌರವಿಸಲಿಲ್ಲ, ಪಡೆದವರೂ ಗೌರವಿಸಲಿಲ್ಲ. 1970ರ ದಶಕದಲ್ಲಿ ಅದರ ತಯಾರಿಕೆ ನಿಂತುಹೋಯಿತು.

ಅಷ್ಟರೊಳಗೆ ಒಂದು ಸೋಜಿಗ ನಡೆದಿತ್ತು. ಅಮೆರಿಕದ ನ್ಯಾನ್ಸಿ ರೆಕ್ಸ್‌ರಾತ್ ಎಂಬ ಕಲಾವಿದೆ ಡಯಾನಾವನ್ನು ಕೈಗೆತ್ತಿಕೊಂಡು ಒಹಾಯೊ ಸೀಮೆಯ ಹಳ್ಳಿಗಳಲ್ಲಿ ಅಲೆದಳು. ಪ್ಲಾಸ್ಟಿಕ್ ಮಸೂರದ ಮಬ್ಬಿನಲ್ಲಿ ಮರದ ಮನೆಗಳು, ಪರದೆಗಳು, ಮಕ್ಕಳು ಎಲ್ಲವೂ ಅರೆನಿದ್ರೆಯಲ್ಲಿ ಕಂಡಂತೆ ಮೂಡಿದವು. 1977ರಲ್ಲಿ ಪ್ರಕಟವಾದ ಆ ಚಿತ್ರಸಂಪುಟಕ್ಕೆ ಆಕೆ ಇಟ್ಟ ಹೆಸರು 'ಅಯೋವಾ'. ತೆಗೆದದ್ದು ಒಹಾಯೊದಲ್ಲಿ, ಹೆಸರು ಬೇರೊಂದು ರಾಜ್ಯದ್ದು! ಬಾಲ್ಯದಲ್ಲಿ ನೆಂಟರ ಮನೆಗೆಂದು ಹೋಗುತ್ತಿದ್ದ ಅಯೋವಾದ ನೆನಪನ್ನು ಆ ಚಿತ್ರಗಳು ಕೆರಳಿಸಿದುದೇ ಕಾರಣ. ಉತ್ತಮ ಕ್ಯಾಮೆರಾ ಕಣ್ಣೆದುರಿಗಿನ ಊರನ್ನು ತೋರಿಸುತ್ತಿತ್ತೇ ಹೊರತು ಮನಸ್ಸಿನಲ್ಲಿದ್ದ ಊರನ್ನು ತೋರಿಸುತ್ತಿರಲಿಲ್ಲ.

ಹೋಲ್ಗಾದ ಕಥೆ 1980ರ ದಶಕದ ಮೊದಲಲ್ಲಿ ತೊಡಗುತ್ತದೆ. ಲೀ ಟಿಂಗ್ ಮೋ ಎಂಬ ಉದ್ಯಮಿಯ ಸಂಸ್ಥೆ ಮೊದಲು ಫ್ಲ್ಯಾಶ್ ದೀಪಗಳನ್ನು ತಯಾರಿಸುತ್ತಿತ್ತು. ಕ್ಯಾಮೆರಾಗಳೊಳಗೇ ದೀಪವನ್ನು ಅಡಗಿಸುವ ಕಾಲ ಬಂದಾಗ ಬಿಡಿ ದೀಪವನ್ನು ಕೊಳ್ಳುವವರು ಕಡಿಮೆಯಾದರು. ಹಾಗಿದ್ದರೆ ಕ್ಯಾಮೆರಾವನ್ನೇ ಮಾಡೋಣವೆಂದು ಲೀ ಹೊರಟ. ಚೀನಾದ ಸಾಮಾನ್ಯ ಸಂಸಾರಗಳ ಕೈಗೆಟುಕುವಂತೆ, ಅಲ್ಲಿ ಹೇರಳವಾಗಿದ್ದ 120 ಅಳತೆಯ ಫಿಲ್ಮಿಗೆ ಹೊಂದುವಂತೆ ಅದನ್ನು ರೂಪಿಸಿದ. ಕ್ಯಾಂಟನ್ ಸೀಮೆಯ ನುಡಿಯಲ್ಲಿ 'ಹೋ ಗ್ವೋಂಗ್' ಎಂದರೆ 'ಬಹಳ ಬೆಳಕು'. ಅದೇ ತಿರುಗಿ ಹೋಲ್ಗಾ ಆಯಿತು. ಬಿಸಿಲಿಲ್ಲದಿದ್ದರೆ ಕಣ್ಣೇ ಕಾಣದ ಕ್ಯಾಮೆರಾಕ್ಕೆ ಈ ಹೆಸರು ಎಷ್ಟು ಒಪ್ಪುತ್ತದೆಂಬುದನ್ನು ವಾಚಕರೇ ಹೇಳಬೇಕು.

ಇದರ ಗುಣಾವಗುಣಗಳನ್ನು ಕೇಳಿದರೆ ನಗು ಬರುತ್ತದೆ. ದೂರವನ್ನು ಹೊಂದಿಸಲು ಮಸೂರದ ಸುತ್ತ ನಾಲ್ಕು ಗುರುತುಗಳಿವೆ: ಒಬ್ಬ ಮನುಷ್ಯ, ಮೂವರ ಸಂಸಾರ, ಒಂದು ಗುಂಪು, ಒಂದು ಬೆಟ್ಟ. ಮೇಲೊಂದು ಸಣ್ಣ ಗುಂಡಿ. ಬಿಸಿಲಿದ್ದರೆ ಸೂರ್ಯನ ಕಡೆಗೆ, ಮೋಡವಿದ್ದರೆ ಮೋಡದ ಕಡೆಗೆ ಸರಿಸಬೇಕು. ಮೊದಲ ಹೋಲ್ಗಾಗಳಲ್ಲಿ ಈ ಗುಂಡಿಯನ್ನು ಎತ್ತ ಸರಿಸಿದರೂ ಒಳಗೆ ಏನೂ ಬದಲಾಗುತ್ತಿರಲಿಲ್ಲ! ಬೆನ್ನಿನ ಮುಚ್ಚಳ ಯಾವಾಗ ಕಳಚಿಕೊಳ್ಳುವುದೋ ಹೇಳಲಾಗದು. ಟೇಪಿನ ರಹಸ್ಯ ಇಷ್ಟೆ. ಆ ಸಂದುಗಳಿಂದ ನುಸುಳಿದ ಬೆಳಕು ಚಿತ್ರದ ಮೇಲೆ ಕೆಂಪು ಕಿತ್ತಳೆಯ ಬರೆ ಎಳೆಯುತ್ತದೆ. ನಾಲ್ಕು ಮೂಲೆಗಳೂ ಕಪ್ಪಾಗಿ, ನಡುವೆ ಮಾತ್ರ ಬಾವಿಯ ತಳದಲ್ಲಿ ನೀರು ಹೊಳೆದಂತೆ ದೃಶ್ಯ ಬೆಳಗುತ್ತದೆ. ಫಿಲ್ಮನ್ನು ಸುತ್ತಲು ಮರೆತು ಮತ್ತೆ ಒತ್ತಿದರೆ ಒಂದರ ಮೇಲೊಂದು ಚಿತ್ರ ಕೂರುತ್ತದೆ. ಮರೆವಿನ ಈ ಫಲವನ್ನೇ ಬೇಕೆಂದು ಮಾಡುವವರೂ ಹುಟ್ಟಿಕೊಂಡರು. ಟ್ರಾಮಿನ ಹೊಟ್ಟೆಯಲ್ಲಿ ಮೀನಂಗಡಿ, ಅಜ್ಜಿಯ ಮುಖದಲ್ಲಿ ಬಿದಿರಿನ ಸಾರುವೆ—ಇಂತಹ ಚೇಷ್ಟೆಗಳು.

ಚೀನಾದ ಸಂಸಾರಗಳು ಬೇಗನೆ 35 ಮಿಲಿಮೀಟರ್ ಕ್ಯಾಮೆರಾಗಳಿಗೆ ತಿರುಗಿಕೊಂಡವು. ಹೋಲ್ಗಾ ಪರದೇಶದ ಪಾಲಾಯಿತು. ವಿಯೆನ್ನಾದ ಕೆಲವು ವಿದ್ಯಾರ್ಥಿಗಳು 1991ರಲ್ಲಿ ಪ್ರಾಗ್ ನಗರದಲ್ಲಿ 'ಲೋಮೋ' ಎಂಬ ರಷ್ಯದ ಕ್ಯಾಮೆರಾವನ್ನು ಕಂಡು ಮನಸೋತು, ಮರುವರ್ಷ ಒಂದು ಸಂಘವನ್ನೇ ಕಟ್ಟಿದರು. ಹೋಲ್ಗಾದ ಕೀರ್ತಿಯನ್ನು ದೇಶದೇಶಕ್ಕೆ ಹರಡಿದವರಲ್ಲಿ ಇವರೂ ಸೇರಿದ್ದಾರೆ. ಯೋಚಿಸಬೇಡ, ಸುಮ್ಮನೆ ಒತ್ತು ಎಂಬುದು ಅವರ ಉಪದೇಶ. ಉಪದೇಶವೇನೋ ಚೆನ್ನ, ಆದರೆ ಒಂದು ಸುರುಳಿಗೆ 12 ಚಿತ್ರ ಮಾತ್ರವಿರುವಾಗ, ಫಿಲ್ಮಿನ ಬೆಲೆ ಏರುತ್ತಲೇ ಇರುವಾಗ, ಯೋಚಿಸದೆ ಒತ್ತುವುದು ಶ್ರೀಮಂತರ ಸುಖ. ಆಟಿಕೆಯೆಂದು ನಕ್ಕವರಿಗೆ ಉತ್ತರವೂ ದೊರೆಯಿತು: 2000ದ ಚುನಾವಣೆಯಲ್ಲಿ ಡೇವಿಡ್ ಬರ್ನೆಟ್ ಹೋಲ್ಗಾದಿಂದ ತೆಗೆದ ಆಲ್ ಗೋರ್ ಅವರ ಚಿತ್ರಕ್ಕೆ ಶ್ವೇತಭವನದ ಪತ್ರಿಕಾ ಛಾಯಾಗ್ರಾಹಕರ ಸಂಘದ ಬಹುಮಾನ ಬಂದಿತು.

ನಮ್ಮ ನಾಡಿನವರಿಗೂ ಈ ನೆಂಟಸ್ತಿಕೆ ತೀರ ಹೊಸದಲ್ಲ. ಬರೋಡದಲ್ಲಿ ತಯಾರಾಗುತ್ತಿದ್ದ ಅಗ್ಫಾ ಕ್ಲಿಕ್ ತ್ರೀ ಕ್ಯಾಮೆರಾ ಬೆಂಗಳೂರು, ಮೈಸೂರು, ಧಾರವಾಡಗಳ ಎಷ್ಟೋ ಮನೆಗಳ ಮೊದಲ ಕ್ಯಾಮೆರಾ. ಅದೇ 120 ಫಿಲ್ಮು, ಅದೇ 12 ಚೌಕ ಚಿತ್ರ. ಜೋಗಕ್ಕೆ ಹೋದಾಗ ಒಂದು, ನಾಮಕರಣಕ್ಕೆ ಎರಡು ಎಂದು ಎಣಿಸಿ ಎಣಿಸಿ ತೆಗೆಯುತ್ತಿದ್ದರು. ಅಲುಗಾಡಿದರೆ ಮನೆಯ ಯಜಮಾನರಿಂದ ಬೈಗುಳ. ಮಸುಕಾದ ಚಿತ್ರವನ್ನು ಅಂದು ಯಾರೂ ಕಲೆಯೆನ್ನಲಿಲ್ಲ, ದಂಡವೆಂದರು.

ಕೌಲೂನಿನಲ್ಲಿ ಈ ಮಬ್ಬುಗಣ್ಣಿಗೆ ಬೇರೊಂದು ಅರ್ಥವಿದೆ. ಇಲ್ಲಿ ಯಾವುದೂ ಹೆಚ್ಚುಕಾಲ ನಿಲ್ಲದು. ಕತ್ತಲೆಯ ಓಣಿಗಳ ಕೋಟೆಯೂರನ್ನು 1993-94ರಲ್ಲಿ ನೆಲಸಮ ಮಾಡಿ ಉದ್ಯಾನ ಮಾಡಿದರು. ಮನೆಗಳ ತಾರಸಿಗೆ ತಾಗುವಂತೆ ವಿಮಾನಗಳು ಇಳಿಯುತ್ತಿದ್ದ ಕೈಟಕ್ ನಿಲ್ದಾಣ 1998ರಲ್ಲಿ ಮುಚ್ಚಿತು. ಬೀದಿಗಳ ನಿಯಾನ್ ಫಲಕಗಳನ್ನು ಒಂದೊಂದಾಗಿ ಇಳಿಸಿದ್ದಾರೆ. ಆಟಿಕೆ ಕಾರ್ಖಾನೆಗಳು ಗಡಿ ದಾಟಿ ಗ್ವಾಂಗ್‌ಡಾಂಗ್ ಪ್ರಾಂತಕ್ಕೆ ಹೋಗಿ ಬಹಳ ಕಾಲವಾಯಿತು. 2015ರ ನವೆಂಬರಿನಲ್ಲಿ ಹೋಲ್ಗಾದ ತಯಾರಿಕೆಯೂ ನಿಂತು, ಅಚ್ಚುಗಳನ್ನು ಎಸೆದುಬಿಟ್ಟರೆಂಬ ಸುದ್ದಿ ಹಬ್ಬಿತು. ಅಚ್ಚು ಹೋದರೆ ವಂಶವೇ ಹೋದಂತೆ. ಹವ್ಯಾಸಿಗಳು ಇದ್ದಬದ್ದ ಹೋಲ್ಗಾಗಳನ್ನು ಕೊಂಡು ಬಚ್ಚಿಟ್ಟುಕೊಂಡರು. 2017ರಲ್ಲಿ ಅದು ಮತ್ತೆ ಮಾರುಕಟ್ಟೆಗೆ ಬಂದಾಗ ಸಂತೋಷದ ಜೊತೆಗೆ, ದುಬಾರಿ ಬೆಲೆ ತೆತ್ತವರ ಪೇಚಾಟವೂ ಇದ್ದಿರಬೇಕು.

ಶಾಮ್ ಶುಯಿ ಪೊ ಬಡಾವಣೆಯ ಆಪ್ಲಿಯು ಬೀದಿಯಲ್ಲಿ ಹಳೆಯ ರೇಡಿಯೊ, ತಂತಿ, ಗಡಿಯಾರಗಳ ರಾಶಿಯ ನಡುವೆ ಹಳೆಯ ಕ್ಯಾಮೆರಾಗಳೂ ಬಿದ್ದಿರುತ್ತವೆ. ಅಲ್ಲಿಂದ ಹವ್ಯಾಸಿಗಳ ಹೆಜ್ಜೆ ಚೊಯ್ ಹುಂಗ್ ವಸತಿಯ ಕಡೆಗೆ. ಹೆಸರಿನ ಅರ್ಥ ಕಾಮನಬಿಲ್ಲು. 1960ರ ದಶಕದ ಮೊದಲಲ್ಲಿ ಕಟ್ಟಿದ ಆ ಎತ್ತರದ ಮನೆಗಳಿಗೆ ಏಳು ಬಣ್ಣ ಬಳಿದಿದೆ. ಅವನ್ನು ಕೆಡವಿ ಹೊಸದಾಗಿ ಕಟ್ಟುವುದೆಂದು 2023ರಲ್ಲಿ ಪ್ರಕಟವಾಗಿದೆ. ಹೀಗಾಗಿ ಮಕ್ಕಳು ಚೆಂಡಾಡುವ ಅಂಗಳದಲ್ಲಿ ಕ್ಯಾಮೆರಾ ಹಿಡಿದವರ ಸಂದಣಿ, ಆಡುವವರಿಗೆ ಕಿರಿಕಿರಿ. ಹೋಲ್ಗಾದವನು ಗುಂಪಿನ ಗುರುತೋ ಬೆಟ್ಟದ ಗುರುತೋ ಎಂದು ಅನುಮಾನಿಸಿ, ಬೆಟ್ಟಕ್ಕೆ ತಿರುಗಿಸಿ ಒತ್ತುತ್ತಾನೆ. ಬೆನ್ನಿನ ಕೆಂಪು ಕಿಂಡಿಯಲ್ಲಿ 12 ಎಂಬ ಅಂಕಿ. ಉಳಿದ ಕಾಗದವನ್ನು ಸುತ್ತಿ, ನೆರಳಿಗೆ ಸರಿದು ಮುಚ್ಚಳ ತೆಗೆದು, ಸುರುಳಿಯ ತುದಿಯನ್ನು ನಾಲಗೆಯಿಂದ ಒದ್ದೆ ಮಾಡಿ ಅಂಟಿಸುತ್ತಾನೆ. ಊರಿಗೆ ಮರಳುವಾಗ ವಿಮಾನ ನಿಲ್ದಾಣದ ಯಂತ್ರದೊಳಗೆ ಅದು ಹೋಗದಂತೆ ಕಾಪಾಡಿ, ತೊಳೆಸಿ ತಂದ ಮೇಲೆಯೇ ತಿಳಿಯಬೇಕು—ಏಳು ಬಣ್ಣ ಬಂದಿದೆಯೋ, ಬರಿಯ ಬೆಳಕಿನ ಬರೆಯೋ.